ಕರಪತ್ರದ ಕಥೆ

ಕರಪತ್ರವೆಂದರೆ ಇಂದು ನಮಗೆ ಚುನಾವಣೆಯ ದಿನಗಳಲ್ಲಿ ಬಾಗಿಲ ಸಂದಿಯಿಂದ ಒಳಬೀಳುವ ಕಾಗದ. ಅಮರಕೋಶವನ್ನು ತೆರೆದವರಿಗೆ ಬೇರೊಂದು ಅರ್ಥ ಎದುರಾಗುತ್ತದೆ. ಅಲ್ಲಿ ಕರಪತ್ರವೆಂದರೆ ಗರಗಸ. ಕ್ರಕಚವೆಂಬುದು ಅದರ ಇನ್ನೊಂದು ಹೆಸರು. ಆ ಕ್ರಕಚವೇ ಕನ್ನಡಿಗರ ನಾಲಗೆಯಲ್ಲಿ ಸವೆದು ಗರಗಸವಾಯಿತು. ಕರಪತ್ರವು ಮರಾಠಿಗರ ಬಾಯಲ್ಲಿ ಕರವತವಾಯಿತು. ನಮ್ಮ ಬೀದರಿನಲ್ಲಿ ಇವೆರಡರ ಜೊತೆಗೆ ಉರ್ದುವಿನ ‘ಆರಾ’ ಎಂಬುದೂ ಸೇರಿ, ಮೂರು ಮಾತುಗಳೂ ಒಂದೇ ಬೀದಿಯಲ್ಲಿ ಓಡಾಡುತ್ತವೆ.

ಕರವೆಂದರೆ ಕೈ, ಪತ್ರವೆಂದರೆ ಅಲಗು. ಹೆಸರಿನಲ್ಲಿಯೇ ಕೈ ಇದೆ. ಈ ಉಪಕರಣದ ಇತಿಹಾಸವೆಂದರೆ ಅದು ಕೈಯನ್ನು ಬಿಟ್ಟು ಹೋದ, ಮತ್ತೆ ಕೈಗೆ ಬಂದ ಕಥೆ. ಹೋಗುವಾಗ ಇದ್ದ ಸ್ನೇಹ ಬರುವಾಗ ಇರಲಿಲ್ಲವೆಂಬುದೇ ಇಲ್ಲಿ ಹೇಳಬೇಕಾದ ಸಂಗತಿ.

ನಮ್ಮ ಸೀಮೆಗೆ ಮರಗೆಲಸ ಹೊಸತಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ನೆರೆದ ಶರಣರೊಳಗೆ ಬಾಚಿಕಾಯಕದ ಬಸವಪ್ಪನೂ ಒಬ್ಬ. ಕೈಯಲ್ಲಿದ್ದ ಬಾಚಿಯಿಂದಲೇ ಆತನ ಗುರುತು. ಬೀದರ ಕೋಟೆಯ ರಂಗೀನ್ ಮಹಲನ್ನು ಕಂಡವರೆಲ್ಲ ಕಪ್ಪುಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪಿನ ಕೆಲಸವನ್ನು ಹೊಗಳುತ್ತಾರೆ. ನನ್ನ ಕಣ್ಣು ಮಾತ್ರ ಅಲ್ಲಿನ ಮರದ ಕಂಬಗಳ ಕೆತ್ತನೆಯಲ್ಲಿಯೇ ನಿಲ್ಲುತ್ತದೆ. ಅಲಿ ಬರೀದ್ ಷಾ ಆಳಿದ 1542ರಿಂದ 1580ರವರೆಗಿನ ಕಾಲದ ಕೆಲಸವದು. ಆ ಕಂಬಗಳಿಗಾಗಿ ದಿಮ್ಮಿ ಕೊಯ್ದವರ ಬಲವೆಲ್ಲ ತೋಳಿನದೇ.

ದಿಮ್ಮಿಯನ್ನು ಎತ್ತರದಲ್ಲಿ ನಿಲ್ಲಿಸಿ, ಒಬ್ಬ ಮೇಲೆ ಒಬ್ಬ ಕೆಳಗೆ ನಿಂತು ಉದ್ದನೆಯ ಗರಗಸ ಎಳೆಯುವುದು ಯಂತ್ರ ಬರುವ ತನಕ ನಡೆದ ಪದ್ಧತಿ. ನಮ್ಮ ಹಳೆಯ ಕೈಗರಗಸಗಳ ಹಲ್ಲು ಹಿಡಿಯ ಕಡೆಗೆ ಬಾಗಿದ್ದು, ಎಳೆದಾಗ ಕೊಯ್ಯುತ್ತಿತ್ತು. ತೆಳು ಅಲಗು ತಳ್ಳಿದರೆ ಡೊಂಕಾಗುತ್ತದೆ, ಎಳೆದರೆ ನೇರ ನಿಲ್ಲುತ್ತದೆ. ಹಲ್ಲು ಗಂಟಿಗೆ ಸಿಕ್ಕಿದರೆ ಅಂಗೈಗೆ ತಿಳಿಯುತ್ತಿತ್ತು. ತೋಳು ಸೋತರೆ ಗರಗಸವೂ ನಿಲ್ಲುತ್ತಿತ್ತು. ಗಾಯಗಳು ಆಗುತ್ತಿರಲಿಲ್ಲವೆಂದಲ್ಲ, ಆದರೆ ಮನುಷ್ಯನ ಬಲಕ್ಕಿಂತ ಮಿಗಿಲಾದ ಬಲ ಅಲ್ಲಿರಲಿಲ್ಲ.

ಇಂಗ್ಲೆಂಡಿನ ಸ್ಯಾಮ್ಯುಯೆಲ್ ಮಿಲ್ಲರನು 1777ರಲ್ಲಿ ಪಡೆದ ಪೇಟೆಂಟಿನಲ್ಲಿ ಚಕ್ರಾಕಾರದ ಗರಗಸದ ಮಾತು ಬರುತ್ತದೆ. ಮುಂದೆ ಉಗಿಯಂತ್ರದ ಮಿಲ್ಲುಗಳಲ್ಲಿ ಗರಗಸ ಒಂದೆಡೆ ನೆಲೆನಿಂತಿತು, ಮರವೇ ಅದರ ಬಳಿಗೆ ಹೋಗತೊಡಗಿತು. ಅದನ್ನು ಪುನಃ ಕೈಗೆ ತಂದವನು ಅಮೆರಿಕದ ನ್ಯೂ ಆರ್ಲಿಯನ್ಸಿನ ಎಡ್ಮಂಡ್ ಮಿಶೆಲ್. ಬೀದರಿನವರಿಗೆ ಇಲ್ಲೊಂದು ಸ್ವಾರಸ್ಯವಿದೆ. ಆತನಿಗೆ ಈ ಯೋಚನೆ ಬಂದದ್ದು ಮರ ಕೊಯ್ಯುವವರನ್ನು ನೋಡಿ ಅಲ್ಲ, ಕಬ್ಬು ಕಡಿಯುವವರನ್ನು ನೋಡಿ! ಅವರ ಮಚ್ಚಿಗೆ ಸಣ್ಣ ವಿದ್ಯುತ್ ಮೋಟಾರನ್ನೂ ಗರಗಸದ ಬಿಲ್ಲೆಯನ್ನೂ ಜೋಡಿಸಿ ನೋಡಿದ. ಜೋಸೆಫ್ ಸಲಿವನ್ ಎಂಬಾತ ಜೊತೆಗೂಡಿದ ಮೇಲೆ 1924ರಲ್ಲಿ ಕಂಪೆನಿ ಹುಟ್ಟಿತು. ಅದರ ‘ಸ್ಕಿಲ್‌ಸಾ’ ಬಡಿಗರ ಕೈಯ ಸಾಮಾನಾಯಿತು. ಭಾಲ್ಕಿಯ ಸುತ್ತಿನ ಗದ್ದೆಗಳಲ್ಲಿ ಕಬ್ಬಿಗೆ ಇಂದಿಗೂ ಬಹುಮಟ್ಟಿಗೆ ಕೊಯ್ತವೇ ಗತಿ. ಕಬ್ಬಿನಿಂದ ಹುಟ್ಟಿದ ಯಂತ್ರ ಮಾತ್ರ ಮರದಂಗಡಿ ಸೇರಿದೆ.

ಆ ಯಂತ್ರದ ಬಲವೆಷ್ಟೆಂದು ಲೆಕ್ಕ ಹಾಕಿ ನೋಡಬಹುದು. 185 ಮಿಲಿಮೀಟರು ಅಗಲದ ಬಿಲ್ಲೆ ನಿಮಿಷಕ್ಕೆ 5,000 ಸುತ್ತು ತಿರುಗಿದರೆ ಹಲ್ಲಿನ ವೇಗ ಗಂಟೆಗೆ ಸುಮಾರು 170 ಕಿಲೋಮೀಟರು. ಹಲ್ಲುಗಳು ಹಲಗೆಯನ್ನು ಕೆಳಗಿನಿಂದ ಮೇಲಕ್ಕೆ ಕೊಯ್ಯುತ್ತವೆ. ಹಲಗೆಯ ಒಳ್ಳೆಯ ಮುಖವನ್ನು ಬಡಿಗರು ಕೆಳಗೆ ಮಾಡಿ ಇಡುವುದು ಇದೇ ಕಾರಣಕ್ಕೆ. ಎರಡು ತುದಿಗೆ ಮಾತ್ರ ಆಸರೆ ಕೊಟ್ಟು ನಡುವೆ ಕೊಯ್ದರೆ ಹಲಗೆ ಜಗ್ಗಿ, ಕೊಯ್ದ ಸಂದು ಮುಚ್ಚಿಕೊಂಡು ಬಿಲ್ಲೆಯನ್ನು ಕಚ್ಚುತ್ತದೆ. ಮುಂದೆ ಹೋಗಲಾರದ ಬಲ ಹಿಂದಕ್ಕೆ ತಿರುಗಿ, ಯಂತ್ರವು ಹಿಡಿದವನ ಮೇಲೆಯೇ ಒದೆಯುತ್ತದೆ. ಮಂಡ ಬಿಲ್ಲೆಯೂ ಹಸಿ ಮರವೂ ಇದಕ್ಕೆ ನೆರವಾಗುತ್ತವೆ. ಹಳೆಯ ವಾಡೆಗಳ ತೊಲೆಯಾದರೆ ಒಳಗೆ ಮೊಳೆ ಅಡಗಿರುತ್ತದೆ.

ಆದುದರಿಂದ ಬಲ್ಲವರು ಕೊಯ್ಯುವ ಗೆರೆಯ ಹತ್ತಿರ ಎರಡೂ ಬದಿಗೆ ಆಸರೆ ಕೊಡುತ್ತಾರೆ. ಹಲಗೆಯ ಕೆಳಗೆ ಒಂದು ಹಲ್ಲಿನಷ್ಟೇ ಕಾಣುವಂತೆ ಆಳವನ್ನು ಹೊಂದಿಸುತ್ತಾರೆ. ಎರಡೂ ಕೈಯಿಂದ ಹಿಡಿದು, ಬಿಲ್ಲೆಯ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ನಿಲ್ಲುತ್ತಾರೆ. ಪೂರ್ಣ ವೇಗ ಬಂದ ಮೇಲೆಯೇ ಮರಕ್ಕೆ ಮುಟ್ಟಿಸುತ್ತಾರೆ, ಬಿಲ್ಲೆ ನಿಂತ ಮೇಲೆಯೇ ಕೆಳಗಿಡುತ್ತಾರೆ. ಬಿಲ್ಲೆ ಬದಲಿಸುವಾಗ ಗುಂಡಿ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಕಣ್ಣಿಗೆ ಕನ್ನಡಕ ಬೇಕು. ಹೆಗಲ ಮೇಲಿನ ಟವೆಲು ಬೇಡ. ಇವೆಲ್ಲಕ್ಕಿಂತ ದೊಡ್ಡದು ಕೆಳಗಿನ ಗಾರ್ಡು. ಸ್ಪ್ರಿಂಗಿನ ಬಲದಿಂದ ಅದು ಕೊಯ್ಯುವಾಗ ಸರಿದು, ಯಂತ್ರವನ್ನು ಎತ್ತಿದೊಡನೆ ಹಲ್ಲುಗಳನ್ನು ಮುಚ್ಚುತ್ತದೆ. ಅಂಗೈ ಕಳೆದುಕೊಂಡ ಅರಿವಿಗೆ ಬದಲಾಗಿ ಬಂದದ್ದೆಂದರೆ ಈ ತಗಡಿನ ಚೂರು.

ಬೀದರಿಗೆ ಹೊಂದಿದ ಕೊಳಾರದ ಕೈಗಾರಿಕಾ ಪ್ರದೇಶದ ಕಡೆ ಈಚೆಗೆ ಹೋದಾಗ ಒಂದು ಬಾಗಿಲ ಕೆಲಸದ ಅಂಗಡಿಯಲ್ಲಿ ಆ ತಗಡನ್ನು ತಂತಿಯಿಂದ ಮೇಲಕ್ಕೆ ಕಟ್ಟಿದ್ದನ್ನು ಕಂಡೆ. ಕೇಳಿದರೆ, “ಗಾರ್ಡ ಇದ್ರ ಗೆರಿ ಕಾಣಸಲ್ರೀ ಸರ್, ಕೆಲಸ ಲೇಟ ಆಗ್ತದ” ಎಂದ ಹುಡುಗ. ಬಾಗಿಲಿಗೆ ಇಷ್ಟೆಂದು ಕೂಲಿ. ಅವನ ಲೆಕ್ಕ ಅವನಿಗೆ ಸರಿ. ಪಕ್ಕದಲ್ಲಿದ್ದವನ ಕೈಯಲ್ಲಿ ಕಲ್ಲು ಕೊಯ್ಯುವ ಮಾರ್ಬಲ್ ಕಟರು. ಅದಕ್ಕೆ ಮರದ ಬಿಲ್ಲೆ ಹಾಕಿ ಪ್ಲೈವುಡ್ ಕೊಯ್ಯುತ್ತಿದ್ದ. ಅಗ್ಗವೆಂದು ನಮ್ಮ ಊರುಗಳಲ್ಲೆಲ್ಲ ಇದು ರೂಢಿ. ಅದು ನಿಮಿಷಕ್ಕೆ 12,000–13,000 ಸುತ್ತು ತಿರುಗುತ್ತದೆ. ತಾನಾಗಿ ಮುಚ್ಚುವ ಗಾರ್ಡು ಅದಕ್ಕೆ ಹುಟ್ಟಿನಿಂದಲೇ ಇಲ್ಲ. ಉಳಿತಾಯವೆಂದರೆ ಇದೇ ಆದರೆ, ಬೆರಳಿಗೆ ನಾವು ಕಟ್ಟಿದ ಬೆಲೆ ತೀರ ಕಡಿಮೆ.

ಕಾನೂನು ಇರಲಿಲ್ಲವೇ? 1948ರ ಕಾರ್ಖಾನೆಗಳ ಕಾಯಿದೆಯ 21ನೆಯ ಕಲಮು ಅಪಾಯದ ಯಂತ್ರಭಾಗಗಳಿಗೆ ಮರೆ ಇರಬೇಕೆಂದು ವಿಧಿಸಿತ್ತು. ಆದರೆ ವಿದ್ಯುತ್ ಬಳಸುವೆಡೆ ಸಾಮಾನ್ಯವಾಗಿ ಹತ್ತು ಮಂದಿ ದುಡಿದರೆ ಮಾತ್ರ ಅದು ಕಾರ್ಖಾನೆ. 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆಯಲ್ಲಿ ಆ ಸಂಖ್ಯೆ ಇಪ್ಪತ್ತಕ್ಕೇರಿತು. ಇಬ್ಬರು ಮೂವರ ಮರದಂಗಡಿ ಎರಡು ಲೆಕ್ಕಕ್ಕೂ ಸೇರದು.

ಹಿಂದೆ ಬಡಿಗರ ಮನೆಯ ಮಗು ಗರಗಸ ಹಿಡಿಯುವ ಮುಂಚೆ ಅದರ ಹಲ್ಲಿಗೆ ಅರ ಹಾಕುವುದನ್ನು ನೋಡಿ ಕಲಿಯುತ್ತಿತ್ತು. ಕಾಲನ್ನು ಎಲ್ಲಿ ಇಡಬೇಕೆಂದು ಅಜ್ಜ ಬೈದು ಹೇಳುತ್ತಿದ್ದ. ಈಗ ಯಂತ್ರ ಡಬ್ಬಿಯಲ್ಲಿ ಬರುತ್ತದೆ, ಬೈಯುವ ಕೆಲಸ ಒಳಗಿನ ಪುಸ್ತಿಕೆಯದು. ಕೊಳಾರದ ಹುಡುಗ ಅದನ್ನು ಬಿಸಾಡಿರಲಿಲ್ಲ; ಮೊಳೆಯ ಡಬ್ಬದ ಕೆಳಗಿನಿಂದ ತೆಗೆದು ಕೊಟ್ಟ. ಇಂಗ್ಲಿಷಿನಲ್ಲಿ ಇತ್ತು, ಹಿಂದಿಯಲ್ಲಿ ಇತ್ತು. ಕನ್ನಡದ ಒಂದು ಸಾಲೂ ಇರಲಿಲ್ಲ. ಗಾರ್ಡಿನ ಪುಟವನ್ನು ಅಲ್ಲಿಯೇ ಕುಳಿತು ಓದಿ ಹೇಳಿದೆ. ತಂತಿ ಬಿಚ್ಚಲು ಇಕ್ಕಳ ಬೇಕಾಯಿತು. ಸ್ಪ್ರಿಂಗಿನಲ್ಲಿ ಹೊಟ್ಟು ತುಂಬಿ ಗಟ್ಟಿಯಾಗಿತ್ತು.