ಸಾಮೆಯಲ್ಲಿ ಬೆರೆತ ಕಳೆಬೀಜ, ಈಲಿಯಲ್ಲಿ ಹುಟ್ಟುವ ವಿಷ

1970ರ ದಶಕದ ಮಧ್ಯಭಾಗದಲ್ಲಿ ಅಂದಿನ ಮಧ್ಯಪ್ರದೇಶದ ಸರ್ಗುಜಾ ಜಿಲ್ಲೆಯಲ್ಲಿ (ಇಂದು ಇದು ಛತ್ತೀಸಗಢಕ್ಕೆ ಸೇರಿದೆ) ಆದಿವಾಸಿ ಹಳ್ಳಿಗಳ ಜನರಿಗೆ ಹೊಟ್ಟೆನೋವು ಬಂದು ಹೊಟ್ಟೆಯಲ್ಲಿ ನೀರು ತುಂಬತೊಡಗಿತು. ದಾಖಲಾದ 67 ರೋಗಿಗಳಲ್ಲಿ 28 ಮಂದಿ ತೀರಿಕೊಂಡರು. ದೆಹಲಿಯ ವೈದ್ಯ ಬಿ.ಎನ್. ಟಂಡನ್ ಮತ್ತು ಸಂಗಡಿಗರು 1976ರಲ್ಲಿ ಇದರ ವರದಿ ಪ್ರಕಟಿಸಿದರು. ಅಲ್ಲಿನವರು ಉಣ್ಣುತ್ತಿದ್ದ 'ಗೊಂಡ್ಲಿ', ಅಂದರೆ ನಮ್ಮ ಸಾಮೆಯಲ್ಲಿ, ಹೊಲದ ಕಳೆಯೊಂದರ ಬೀಜ ಬೆರೆತಿತ್ತು.

ಆ ಕಳೆ ಕ್ರೊಟಲೇರಿಯಾ ಕುಲದ್ದು. ಒಣಗಿದ ಕಾಯಿ ಅಲುಗಿಸಿದರೆ ಗಿಲಿಕೆಯಂತೆ ಸದ್ದು ಮಾಡುತ್ತದೆ. ಹಸಿರೆಲೆ ಗೊಬ್ಬರಕ್ಕೆ ಬಿತ್ತುವ ಸೆಣಬೂ ಇದೇ ಕುಲಕ್ಕೆ ಸೇರಿದೆ. ಗೊಬ್ಬರಕ್ಕೆ ಅದು ಒಳ್ಳೆಯದೇ, ಬೀಜ ಮಾತ್ರ ಕಾಳಿನೊಂದಿಗೆ ಸೇರಬಾರದು.

ಈ ಗಿಡಗಳಲ್ಲಿರುವುದು ಪೈರೊಲಿಜಿಡಿನ್ ಎಂಬ ಗುಂಪಿನ ಆಲ್ಕಲಾಯ್ಡ್‌ಗಳು. ವಿಚಿತ್ರವೆಂದರೆ ಗಿಡದಲ್ಲಿರುವ ರೂಪದಲ್ಲಿ ಇವು ಅಷ್ಟೇನೂ ಉಗ್ರವಲ್ಲ. ಕರುಳಿನಿಂದ ರಕ್ತದೊಂದಿಗೆ ಈಲಿಗೆ (ಯಕೃತ್ತಿಗೆ) ಹೋದ ಮೇಲೆ ಅಲ್ಲಿನ ಸೈಟೋಕ್ರೋಮ್ ಪಿ-450 ಕಿಣ್ವಗಳು ಇವುಗಳಿಂದ ಹೈಡ್ರೋಜನ್ ಕಿತ್ತು 'ಪೈರೋಲ್' ರೂಪಕ್ಕೆ ತರುತ್ತವೆ. ಬೇಡದ ವಸ್ತುಗಳನ್ನು ಹೊರಹಾಕಲೆಂದು ಇರುವ ಕಿಣ್ವಗಳೇ ಇಲ್ಲಿ ವಿಷ ತಯಾರಿಸುತ್ತವೆ. ಪೈರೋಲ್ ಹುಟ್ಟಿದ ಜಾಗದಲ್ಲೇ ಪ್ರೋಟೀನು, ಡಿಎನ್ಎಗಳಿಗೆ ಅಂಟಿಕೊಳ್ಳುತ್ತದೆ. ಗ್ಲುಟಥಯೋನ್ ಎಂಬ ವಸ್ತು ಒಂದಷ್ಟನ್ನು ಹಿಡಿದು ಹೊರಗೆ ಸಾಗಿಸುತ್ತದೆ. ಅದು ಬರಿದಾದರೆ ಹಾನಿ ಹೆಚ್ಚು. ಈಲಿಯೊಳಗಿನ ಸಣ್ಣ ರಕ್ತನಾಳಗಳ ಒಳಪದರ ಕೆಟ್ಟು, ನಾಳಗಳು ಕಟ್ಟಿಕೊಳ್ಳುತ್ತವೆ. ರಕ್ತ ಮುಂದಕ್ಕೆ ಹರಿಯದೆ ಒತ್ತಡ ಏರುತ್ತದೆ, ಈಲಿ ಊದುತ್ತದೆ, ಹೊಟ್ಟೆಯಲ್ಲಿ ನೀರು ನಿಲ್ಲುತ್ತದೆ. ಕಣ್ಣು ಹಳದಿಯಾಗದೆಯೂ ಇರಬಹುದು. ಆದ್ದರಿಂದ 'ಕಾಮಾಲೆ ಇಲ್ಲ, ಈಲಿ ಸರಿಯಾಗಿದೆ' ಎನ್ನುವ ಹಾಗಿಲ್ಲ.

ತಿಂದ ಕೂಡಲೇ ವಾಂತಿಯಾಗಿ ಎಚ್ಚರಿಸುವ ವಿಷವೂ ಇದಲ್ಲ. ದಿನವೂ ಸ್ವಲ್ಪ ಸ್ವಲ್ಪ ಒಳಗೆ ಹೋಗಿ ವಾರಗಳು ಕಳೆದ ಮೇಲೆ ಕಾಯಿಲೆ ಕಾಣಿಸಬಹುದು. ಅಷ್ಟರಲ್ಲಿ ಯಾವ ಮೂಟೆಯ ಕಾಳು ಎಂಬುದೇ ಮರೆತಿರುತ್ತದೆ. ಬೇಯಿಸಿದರೂ ಸುಟ್ಟರೂ ಇದು ಪೂರ್ತಿ ಹೋಗದು. ಅಫ್ಘಾನಿಸ್ತಾನದ ಗುಲ್ರಾನ್ ಪ್ರದೇಶದಲ್ಲಿ 1974ರಿಂದ 1976ರವರೆಗೆ ಜನರು ತಿಂದದ್ದು ಗೋಧಿ ರೊಟ್ಟಿಯನ್ನೇ. ಆ ಗೋಧಿಯಲ್ಲಿ ಹೀಲಿಯೋಟ್ರೋಪ್ ಕಳೆಯ ಬೀಜವಿತ್ತು. ಈ ಜಾತಿಯ ಕಳೆಗಳು ನಮ್ಮ ಕಡೆಯೂ ಇವೆ. ಹೂಗೊಂಚಲು ಚೇಳಿನ ಬಾಲದಂತೆ ಸುರುಳಿಯಾಗಿರುತ್ತದೆ.

ಕುರಿಗಳು ದನ, ಕುದುರೆಗಳಿಗಿಂತ ಈ ವಿಷವನ್ನು ಚೆನ್ನಾಗಿ ತಡೆದುಕೊಳ್ಳುತ್ತವೆ. ಕುರಿ ಮೇಯುವ ಸೊಪ್ಪು ಮನುಷ್ಯರಿಗೂ ಆಗುತ್ತದೆಂಬ ಲೆಕ್ಕ ಇಲ್ಲಿ ನಡೆಯದು. ಊರಿನ ಕಷಾಯಗಳಿಗೂ ಇದೇ ಮಾತು. ಜಮೈಕಾದಲ್ಲಿ ಕ್ರೊಟಲೇರಿಯಾ ಎಲೆಯ ಕಷಾಯ ಕುಡಿದ ಮಕ್ಕಳಿಗೆ ಈ ರೋಗ ಬಂದುದನ್ನು ಅಲ್ಲಿನ ವೈದ್ಯರು 1950ರ ದಶಕದಲ್ಲೇ ಗುರುತಿಸಿದ್ದರು.

ವಿಷವನ್ನು ಇಳಿಸುವ ಪ್ರತಿಮದ್ದು ಇಲ್ಲ. ಕಾಳು ತಿನ್ನುವುದನ್ನು ನಿಲ್ಲಿಸಿ ಆಸ್ಪತ್ರೆಯಲ್ಲಿ ಆರೈಕೆ ಪಡೆಯಬೇಕು. ತಾಳವಾಡಿ, ಮಡಕಶಿರಾ ಕಡೆ ಸಾಮೆ ಬೆಳೆಯುವವರು ಕೊಯ್ಲಿಗೆ ಮುಂಚೆಯೇ ಕಳೆ ಕಿತ್ತರೆ ಒಳ್ಳೆಯದು. ಕಾಳಿನಷ್ಟೇ ಸಣ್ಣ ಬೀಜ ಜರಡಿಯಲ್ಲಿ ನಿಲ್ಲದು. ಒಂದೇ ಮನೆಯ ಇಬ್ಬರು ಮೂವರಿಗೆ ಹೊಟ್ಟೆ ಊದಿದರೆ, ಆಸ್ಪತ್ರೆಗೆ ಹೋಗುವಾಗ ಮನೆಯ ಕಾಳನ್ನೂ ಒಂದು ಹಿಡಿ ಕಟ್ಟಿಕೊಂಡು ಹೋಗಿ ವೈದ್ಯರಿಗೆ ತೋರಿಸಿ.