ಹನ್ನೆರಡು ವರ್ಷ ತಡವಾದ ಡಿಗ್ರಿ

ಸೊಲೆಡಾಡ್ ಓಬ್ರಿಯನ್ ಅಂದರೆ ಅಮೆರಿಕದ ಟಿವಿ ನೋಡುವವರಿಗೆ ಮೊದಲು ನೆನಪಾಗೋದು 2005ರ ಕತ್ರಿನಾ ಚಂಡಮಾರುತ. ನ್ಯೂ ಆರ್ಲಿಯನ್ಸ್ ನಗರದ ಶೇ. 80ರಷ್ಟು ನೀರಲ್ಲಿ ಮುಳುಗಿತ್ತು. ಕನ್ವೆನ್ಷನ್ ಸೆಂಟರಿನಲ್ಲಿ ಸಾವಿರಾರು ಜನ ಊಟ, ನೀರಿಲ್ಲದೆ ಕೂತಿದ್ದರು. ವಿಪತ್ತು ನಿರ್ವಹಣೆಯ ಸರ್ಕಾರಿ ಸಂಸ್ಥೆಯ ಮುಖ್ಯಸ್ಥ ಮೈಕೆಲ್ ಬ್ರೌನ್ ಸಿಎನ್‌ಎನ್‌ನಲ್ಲಿ ಮಾತಿಗೆ ಸಿಕ್ಕಾಗ ಈಕೆ ಬಿಡಲಿಲ್ಲ. ನಮ್ಮ ವರದಿಗಾರರಿಗೆ ಗೊತ್ತಿರೋದು ನಿಮಗೆ ಹೇಗೆ ಗೊತ್ತಿಲ್ಲ ಅಂತ ಹಿಡಿದು ಕೇಳಿದರು.

ನನಗೆ ಮಾತ್ರ ಆ ಸಂದರ್ಶನಕ್ಕಿಂತ ಈಕೆಯ ಮನೆಯ ಇತಿಹಾಸವೇ ಹೆಚ್ಚು ಕುತೂಹಲದ್ದು. ಅಪ್ಪ ಆಸ್ಟ್ರೇಲಿಯಾದ ಬಿಳಿಯ, ಅಮ್ಮ ಕ್ಯೂಬಾದ ಕಪ್ಪು ಹೆಣ್ಣುಮಗಳು. ಇಬ್ಬರೂ ಓದಲಿಕ್ಕೆ ಬಂದು ಬಾಲ್ಟಿಮೋರಿನಲ್ಲಿ ಭೇಟಿಯಾದವರು. 1958ರಲ್ಲಿ ಮದುವೆಯಾಗಬೇಕೆಂದಾಗ ಮೇರಿಲ್ಯಾಂಡ್ ರಾಜ್ಯದ ಕಾನೂನು ಅಡ್ಡ ಬಂತು: ಅಲ್ಲಿ ಕಪ್ಪು-ಬಿಳಿಯರ ಮದುವೆ ಅಪರಾಧ. ಪಕ್ಕದ ವಾಷಿಂಗ್ಟನ್‌ಗೆ ಹೋಗಿ ಮದುವೆಯಾಗಿ ಬಂದರು. ಆ ಕಾನೂನು ಹೋಗಿದ್ದು 1967ರಲ್ಲಿ. ಅಷ್ಟರಲ್ಲಿ ಐದನೇ ಮಗು ಸೊಲೆಡಾಡ್ ಹುಟ್ಟಿಯಾಗಿತ್ತು! ಅಪ್ಪ ಎಂಜಿನಿಯರಿಂಗ್ ಪ್ರೊಫೆಸರ್, ಅಮ್ಮ ಹೈಸ್ಕೂಲಿನಲ್ಲಿ ಫ್ರೆಂಚ್ ಟೀಚರ್. ಆರೂ ಮಕ್ಕಳು ಹಾರ್ವರ್ಡ್‌ಗೆ ಹೋದರು.

ಆದರೆ ಇವರು ಡಿಗ್ರಿ ಮುಗಿಸದೆಯೇ ಹಾರ್ವರ್ಡ್ ಬಿಟ್ಟು ಬಾಸ್ಟನ್ನಿನ ಒಂದು ಟಿವಿ ಸ್ಟೇಷನ್ ಸೇರಿದರು. ನಂತರ ಎನ್‌ಬಿಸಿ, 2003ರಲ್ಲಿ ಸಿಎನ್‌ಎನ್. ಬ್ಯಾಚ್‌ಮೇಟ್‌ಗಳು 1988ರಲ್ಲಿ ಪಡೆದ ಡಿಗ್ರಿ ಈಕೆಯ ಕೈಸೇರಿದ್ದು 2000ದಲ್ಲಿ, ಮೊದಲ ಮಗು ಹೊಟ್ಟೆಯಲ್ಲಿದ್ದಾಗ. ಆಗಲೇ ಟಿವಿಯಲ್ಲಿ ಹೆಸರು ಮಾಡಿದ್ದರು. ಡಿಗ್ರಿ ಇಲ್ಲದಿದ್ರೂ ನಡೀತಿತ್ತು. ಆದರೂ ಹೋಗಿ ಮುಗಿಸಿದರು.

ಎಲ್ಲರಿಗೂ ಹಾಗೆ ನಡೆಯೋದಿಲ್ಲ ನೋಡಿ. ಕೆಲಸ ಸಿಕ್ಕಿ ಓದು ಬಿಡೋದು ಒಂದು, ಮನೆ ಬಾಡಿಗೆ ಕಟ್ಟಲಾಗದೆ ಬಿಡೋದು ಇನ್ನೊಂದು. ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದ ಹುಡುಗಿಗೆ ಮೂರನೇ ಸೆಮಿಸ್ಟರಿನಲ್ಲಿ ಸಣ್ಣದೊಂದು ಖರ್ಚು ಎದುರಾದರೂ ಅಲ್ಲಿಗೇ ಮುಗಿಯಬಹುದು. ಯಾರನ್ನು ಕೇಳಬೇಕು ಅಂತ ಹೇಳಿಕೊಡುವವರೂ ಮನೆಯಲ್ಲಿ ಇರೋದಿಲ್ಲ.

2011ರಲ್ಲಿ ಗಂಡ ಬ್ರಾಡ್ ರೇಮಂಡ್ ಜೊತೆ ಕಟ್ಟಿದ ಫೌಂಡೇಶನ್‌ನ ಗುರಿಯೇ ಇದು: ಹುಡುಗಿಯರನ್ನು ಕಾಲೇಜಿಗೆ ಸೇರಿಸೋದಷ್ಟೇ ಅಲ್ಲ, ಮುಗಿಸಿ ಹೊರಗೆ ಬರುವ ತನಕ ಜೊತೆಗಿರೋದು. ಸ್ಕಾಲರ್‌ಶಿಪ್ ಜೊತೆಗೆ ಒಬ್ಬ ಮೆಂಟರ್ ಕೂಡ. ಹಣ ಕೊಡುವವರು ಸಿಕ್ತಾರೆ, ಫೋನ್ ಎತ್ತುವವರು ಕಷ್ಟ. ನನ್ನ ಮಟ್ಟಿಗೆ ದೊಡ್ಡದು ಈ ಎರಡನೆಯದೇ. ಆಮೇಲೆ ಹೆಸರು 'ಪವರ್‌ಫುಲ್' ಅಂತಾಯ್ತು; ಪದದ ನಡುವೆ ಇಂಗ್ಲಿಷಿನ 'ಹರ್' ಎದ್ದು ಕಾಣುವಂತೆ ಬರೀತಾರೆ. ಈ ಪನ್ ನನಗಷ್ಟು ರುಚಿಸಲಿಲ್ಲ, ಹೋಗಲಿ ಬಿಡಿ.

2013ರಲ್ಲಿ ಸಿಎನ್‌ಎನ್‌ನ ಬೆಳಗಿನ ಶೋ ನಿಂತಿತು. ಈಕೆ ಸ್ವಂತ ಪ್ರೊಡಕ್ಷನ್ ಕಂಪನಿ ಶುರುಮಾಡಿದರು. ಹುಡುಗಿಯರ ಕೆಲಸ ಮಾತ್ರ ನಿಲ್ಲಲಿಲ್ಲ.