ಹವಾಯಿ ಮಾಂಕ್ ಸೀಲ್

ಬಹುತೇಕ ಸೀಲ್‌ಗಳು ತಣ್ಣನೆಯ ಕಡಲಿನವು. ಇದು ಹವಾಯಿ ದ್ವೀಪಗಳ ಬೆಚ್ಚನೆಯ ನೀರಿನದು. ಉಳಿದಿರುವುದು ಸುಮಾರು 1,600 ಮಾತ್ರ.

ಹುಟ್ಟಿದ ಮರಿಯ ಮೈತುಂಬ ಕಪ್ಪು ತುಪ್ಪಳ. ತಾಯಿ ಐದಾರು ವಾರ ಏನೂ ತಿನ್ನದೆ ಮರಿಗೆ ಹಾಲೂಡಿಸುತ್ತದೆ. ಮರಿ ದುಂಡಗಾದಂತೆ ತಾಯಿ ಸೊರಗುತ್ತದೆ. ಆಮೇಲೆ ಮೀನು, ಆಕ್ಟೋಪಸ್, ಏಡಿ ಹಿಡಿಯುವುದನ್ನು ಮರಿ ತಾನಾಗಿಯೇ ಕಲಿಯಬೇಕು.

19ನೇ ಶತಮಾನದ ಬೇಟೆ ಈ ಸಂತತಿಯನ್ನು ಅಳಿವಿನಂಚಿಗೆ ತಂದಿತು. ಇಂದು ಕಡಲಿಗೆಸೆದ ಬಲೆ, ಆಹಾರದ ಕೊರತೆ, ಶಾರ್ಕ್ ದಾಳಿ, ಬೆಕ್ಕಿನ ಮಲದಿಂದ ಹರಡುವ ಟಾಕ್ಸೊಪ್ಲಾಸ್ಮೋಸಿಸ್ ರೋಗ ಹಾಗೂ ಮುಳುಗುತ್ತಿರುವ ಮರಳ ದಂಡೆಗಳು ಇದಕ್ಕೆ ಕಂಟಕ. ಬಂಧುವಾದ ಕೆರಿಬಿಯನ್ ಮಾಂಕ್ ಸೀಲ್ 1952ರ ನಂತರ ಕಂಡಿಲ್ಲ. ಬಲೆ ಬಿಡಿಸಿ, ಗಾಯಕ್ಕೆ ಚಿಕಿತ್ಸೆ ನೀಡುವ ರಕ್ಷಕರ ದುಡಿಮೆಯಿಂದ ಹವಾಯಿಯ ಸೀಲ್‌ಗಳು ಮೆಲ್ಲನೆ ಹೆಚ್ಚುತ್ತಿವೆ.

ದಡದಲ್ಲಿ ಮಲಗಿದ ಸೀಲ್ ಕಂಡರೆ 15 ಮೀಟರ್, ಜೊತೆಗೆ ಮರಿಯಿದ್ದರೆ 45 ಮೀಟರ್ ದೂರದಲ್ಲೇ ನಿಲ್ಲಿ.